ಜಪಾನಿನ ಇಯಾ ಕಣಿವೆಗೆ ಅತ್ತೆ-ಮಾವನ್ನ ಕರ್ಕೊಂಡು ಹೋಗ್ಬಹುದಾ?

ಮೈಸೂರಿನಿಂದ ಒಬ್ಬರು ಕೇಳಿರೋ ಪ್ರಶ್ನೆ: "ನವೆಂಬರ್ ಎರಡನೇ ವಾರ ಜಪಾನ್‌ಗೆ ಹೋಗ್ತಿದ್ದೀವಿ, ನಾನು, ನಮ್ಮ ಯಜಮಾನ್ರು, ಅತ್ತೆ, ಮಾವ. ಟೋಕಿಯೋ, ಕ್ಯೋಟೋ ವಿಡಿಯೋ ನೋಡಿದ್ರೆ ಜಂಬೂಸವಾರಿ ದಿನ ಸಯ್ಯಾಜಿರಾವ್ ರೋಡಲ್ಲಿ ನಿಂತ ಹಾಗಿದೆ, ಅದಕ್ಕೇ ಶಿಕೋಕು ದ್ವೀಪದ ಇಯಾ ಕಣಿವೆ ನೋಡೋಣ ಅಂತ ಆಸೆ. ಆದ್ರೆ ಯಾರನ್ನ ಕೇಳಿದ್ರೂ ಒಂದೊಂದು ಹೇಳ್ತಾರೆ. ಒಬ್ಬರು ಅಲ್ಲಿ ಜನಾನೇ ಇಲ್ಲ, ಬರೀ ಗೊಂಬೆ ಇರೋದು, ರಾತ್ರಿ ಭಯ ಆಗತ್ತೆ ಅಂದ್ರು. ಇನ್ನೊಬ್ಬರು ಕರಡಿ ಕಾಟ ಅಂದ್ರು, ಭೂಕಂಪ ಆದ್ರೆ ಆಚೆ ಬರೋಕೇ ಆಗಲ್ಲ ಅಂದ್ರು. ಯಜಮಾನ್ರು ಚಾರ್ಮಾಡಿ, ಆಗುಂಬೆ ಎಲ್ಲಾ ಓಡಿಸಿದೀನಿ, ಕಾರ್ ತಗೊಂಡ್ರೆ ಒಸಾಕಾದಿಂದ ಒಂದೇ ದಿನಕ್ಕೆ ಮುಗಿಸಬಹುದು ಅಂತಾರೆ. ಅತ್ತೆಗೆ ಮಂಡಿ ನೋವು, ಮಾವನಿಗೆ ಶುಗರ್, ಇನ್ಸುಲಿನ್ ತಗೋತಾರೆ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ. ಯಾರಿಗೂ ಜಪಾನೀಸ್ ಬರಲ್ಲ. ಹೋಗೋದು ಸರಿನಾ, ಬಿಟ್ಟುಬಿಡೋದು ಸರಿನಾ?"

ಮೇಡಂ, ಹೋಗಿ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಹೇಗೆ ಅನ್ನೋದನ್ನ ಮಾತಾಡೋಣ.

ನೀವು ಕೇಳಿರೋದು ಐದಾರು ಪ್ರಶ್ನೆ ಥರ ಕಾಣ್ಸತ್ತೆ, ಆದ್ರೆ ಒಳಗೆ ಇರೋ ಚಿಂತೆ ಒಂದೇ, ಅಷ್ಟು ಒಳಗಡೆ ಹೋದ್ಮೇಲೆ ವಯಸ್ಸಾದವರಿಗೆ ಏನಾದ್ರೂ ಆದ್ರೆ ಏನು ಗತಿ ಅಂತ. ನಾನು ಒಸಾಕಾದಲ್ಲಿ ಇದ್ಕೊಂಡು ಇಂಡಿಯಾದಿಂದ ಬರೋ ಫ್ಯಾಮಿಲಿಗಳಿಗೆ ಟ್ರಿಪ್ ಪ್ಲಾನ್ ಮಾಡ್ಕೊಡೋ ಕೆಲಸ ಮಾಡ್ತೀನಿ, ಇಯಾ ಅಂದ ತಕ್ಷಣ ಎಲ್ಲರೂ ಇದನ್ನೇ ಕೇಳ್ತಾರೆ. ಇಯಾದಲ್ಲಿ ಅಪಾಯ ಕಮ್ಮಿ, ಸೌಲಭ್ಯನೂ ಕಮ್ಮಿ. ಸೌಲಭ್ಯ ಕಮ್ಮಿ ಇರೋದನ್ನೇ ಜನ ಅಪಾಯ ಅಂದ್ಕೊಂಡು ಹೆದರ್ಕೊಂಡು ಬಿಡ್ತಾರೆ, ಇಲ್ಲಾ ಅಂದ್ರೆ ಜಪಾನ್ ತಾನೇ ಎಲ್ಲಾ ಸಿಗತ್ತೆ ಅಂತ ಏನೂ ತಯಾರಿ ಇಲ್ದೇ ಹೋಗಿ ಒದ್ದಾಡ್ತಾರೆ. ನೀವು ಎರಡೂ ಮಾಡೋದು ಬೇಡ.

ಇಯಾ ಇರೋದು ಶಿಕೋಕು ದ್ವೀಪದ ನಡುಮಧ್ಯ, ನಮ್ಮ ರಾಜ್ಯದ ಥರದ ಆಡಳಿತ ವಿಭಾಗವಾದ ತೊಕುಶಿಮಾ ಪ್ರಿಫೆಕ್ಚರ್‌ನ ಮಿಯೋಶಿ ನಗರದ ವ್ಯಾಪ್ತಿಯಲ್ಲಿ. ನಗರ ಅಂದ ಮಾತ್ರಕ್ಕೆ ಮೋಸ ಹೋಗ್ಬೇಡಿ, 2006ರಲ್ಲಿ ಸುತ್ತಮುತ್ತಲಿನ ಪಟ್ಟಣ, ಹಳ್ಳಿ ಎಲ್ಲಾ ಸೇರಿಸಿ ಮಿಯೋಶಿ ಅಂತ ಒಂದು ಮಾಡಿದ್ರು ಅಷ್ಟೇ, ಪಶ್ಚಿಮ ಇಯಾ, ಪೂರ್ವ ಇಯಾ ಎರಡೂ ಅಲ್ಲಿತನಕ ಬೇರೆ ಬೇರೆ ಹಳ್ಳಿಗಳು. ಪಶ್ಚಿಮ ಇಯಾದಲ್ಲಿ ಬಳ್ಳಿ ಸೇತುವೆ, ಹೋಟೆಲ್, ಬಿಸಿನೀರಿನ ಸ್ನಾನದ ಜಾಗ ಇವೆಲ್ಲಾ ಇದೆ, ಟೂರ್ ಬಸ್ಸು ಬರೋದೂ ಇಲ್ಲಿಗೇ. ಪೂರ್ವಕ್ಕೆ ಹೋದ ಹಾಗೆ ರಸ್ತೆ ಸಣ್ಣದಾಗತ್ತೆ, ಅಂಗಡಿ ಮುಗಿಯತ್ತೆ, ಕೊನೆಗೆ 1,955 ಮೀಟರ್ ಎತ್ತರದ ತ್ಸುರುಗಿ ಬೆಟ್ಟ ಸಿಗತ್ತೆ. ನೀವು ವಿಡಿಯೋದಲ್ಲಿ ನೋಡಿರೋ ಆ ನಿಶ್ಶಬ್ದ ಇರೋದು ಪೂರ್ವ ಇಯಾದಲ್ಲಿ.

ಆ ನಿಶ್ಶಬ್ದ ಯಾಕಿದೆ ಅನ್ನೋದನ್ನ ಸ್ವಲ್ಪ ತಿಳ್ಕೊಂಡು ಹೋಗಿ, ಯಾಕಂದ್ರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಕಣಿವೆಯ ತಳ ತುಂಬಾ ಇಕ್ಕಟ್ಟು, ನದಿ ಪಕ್ಕ ಮನೆ ಕಟ್ಟೋಕೆ ಜಾಗಾನೇ ಇಲ್ಲ. ಬೆಟ್ಟದ ಕಲ್ಲು ಪದರ ಪದರವಾಗಿ ಜಾರೋ ಜಾತಿದು, ಹಳೇ ಕಾಲದಲ್ಲಿ ಗುಡ್ಡ ಜಾರಿದ ಕಡೆ ಇಳಿಜಾರು ಸ್ವಲ್ಪ ಮೆತ್ತಗಾಗಿ, ಮಣ್ಣು ಕೂತು, ನೀರಿನ ಸೆಲೆನೂ ಸಿಕ್ಕಿ, ಜನ ಅಲ್ಲೇ ಮನೆ ಮಾಡ್ಕೊಂಡ್ರು. ಅದಕ್ಕೇ ಅಲ್ಲಿ ಊರುಗಳು ನದಿಯಿಂದ ಎಷ್ಟೋ ಮೇಲೆ ಗುಡ್ಡಕ್ಕೆ ಅಂಟ್ಕೊಂಡಿವೆ. ಒಚಿಯಾಯಿ ಅನ್ನೋ ಊರಲ್ಲಿ ಕೆಳಗಿನ ಮನೆಗೂ ಮೇಲಿನ ಮನೆಗೂ 390 ಮೀಟರ್ ಎತ್ತರದ ವ್ಯತ್ಯಾಸ, ಒಂದೇ ಊರು! 1185ರಲ್ಲಿ ಯುದ್ಧ ಸೋತ ಹೇಯ್ಕೆ ಕುಲದವರು ತಪ್ಪಿಸಿಕೊಂಡು ಬಂದು ಇಲ್ಲಿ ಅಡಗಿದ್ರು ಅಂತ ಕಥೆ ಇದೆ, ಎಷ್ಟು ನಿಜವೋ ಏನೋ, ಆದ್ರೆ ಅಡಗಿಕೊಳ್ಳೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅನ್ನೋದು ನೋಡಿದ್ರೇ ಗೊತ್ತಾಗತ್ತೆ. ಹೊರಗಿನಿಂದ ಸರಿಯಾದ ರಸ್ತೆ ಅಂತ ಬಂದಿದ್ದೇ 1920ರಲ್ಲಿ. ರಸ್ತೆ ಬಂದ್ಮೇಲೆ, ಅದೂ ಎರಡನೇ ಮಹಾಯುದ್ಧದ ನಂತರ, ಹುಡುಗರು ಓದೋಕೆ ಕೆಲಸಕ್ಕೆ ಅಂತ ಒಸಾಕಾ, ಟೋಕಿಯೋ ಕಡೆ ಹೋದ್ರು, ವಾಪಸ್ ಬರ್ಲಿಲ್ಲ. ಉಳಿದಿರೋರಲ್ಲಿ ಹೆಚ್ಚಿನವರು ನಿಮ್ಮ ಮಾವನ ವಯಸ್ಸಿನವರು, ಅವರಿಗಿಂತ ದೊಡ್ಡವರು. ಜನ ಕಮ್ಮಿ ಆದ್ರೆ ಬಸ್ ಕಮ್ಮಿ, ಬಸ್ ಕಮ್ಮಿ ಆದ್ರೆ ಅಂಗಡಿ ಮುಚ್ಚತ್ತೆ, ಪೆಟ್ರೋಲ್ ಬಂಕ್ ಮುಚ್ಚತ್ತೆ, ಹೋಟೆಲಲ್ಲಿ ಅಡಿಗೆ ಮಾಡೋರು ಸಿಗಲ್ಲ. ನಾವು ನೆಮ್ಮದಿ ಅಂತ ಹುಡ್ಕೊಂಡು ಹೋಗೋ ಆ ಮೌನಕ್ಕೂ, ಸಂಜೆ ಮೇಲೆ ಒಂದು ಬಿಸ್ಕೆಟ್ ಪ್ಯಾಕೆಟ್ ಸಿಗದೇ ಇರೋದಕ್ಕೂ ಕಾರಣ ಒಂದೇ.

ಈಗ ಆ ಗೊಂಬೆ ಊರಿನ ವಿಷಯ. ಹೆಸರು ನಾಗೊರೊ, ಪೂರ್ವ ಇಯಾದ ತುದಿಯಲ್ಲಿದೆ. ತ್ಸುಕಿಮಿ ಆಯಾನೊ ಅನ್ನೋ ಹೆಂಗಸು ಒಸಾಕಾದಲ್ಲಿದ್ದವರು, ವಯಸ್ಸಾದ ಅಪ್ಪನ್ನ ನೋಡ್ಕೊಳೋಕೆ ಊರಿಗೆ ವಾಪಸ್ ಬಂದು, ಹೊಲಕ್ಕೆ ಒಂದು ಬೆದರುಗೊಂಬೆ ಮಾಡಿದ್ರು, ಅದನ್ನ ಅಪ್ಪನ ಥರಾನೇ ಮಾಡಿದ್ರು. ಆಮೇಲೆ ಊರಲ್ಲಿ ಯಾರು ತೀರಿಕೊಂಡ್ರೋ, ಯಾರು ಬಿಟ್ಟುಹೋದ್ರೋ ಅವರ ಹಾಗೆ ಮಾಡ್ತಾ ಹೋದ್ರು. ಒಳಗೆ ಮರದ ಕಡ್ಡಿ, ಸುತ್ತಿದ ನ್ಯೂಸ್‌ಪೇಪರ್, ಹತ್ತಿ, ಕಣ್ಣಿಗೆ ಗುಂಡಿ, ಮೈಗೆ ಹಳೇ ಬಟ್ಟೆ. ಮಳೆ ಬಿಸಿಲಿಗೆ ಕೆಲವೇ ವರ್ಷಕ್ಕೆ ಹಾಳಾಗತ್ತೆ, ಹಾಳಾದ ಹಾಗೆ ಹೊಸದು ಮಾಡ್ಬೇಕು. ಊರಲ್ಲಿ ಈಗ ಮೂವತ್ತಕ್ಕೂ ಕಮ್ಮಿ ಜನ, ಗೊಂಬೆಗಳು ನೂರಾರು. ಶಾಲೆ 2012ರಲ್ಲಿ ಮುಚ್ಚಿತು, ಈಗ ಆ ಕ್ಲಾಸ್‌ರೂಮಲ್ಲಿ ಗೊಂಬೆ ಮಕ್ಕಳೇ ಕೂತಿರೋದು. ಇದನ್ನ ದೆವ್ವದ ಊರು ಅಂತ ಟೈಟಲ್ ಹಾಕಿ ವಿಡಿಯೋ ಮಾಡೋದು ನಂಗೆ ನಿಜಕ್ಕೂ ಬೇಜಾರು ತರೋ ವಿಷಯ. ಅಲ್ಲಿ ಹೋಗಿ ನಿಂತ್ರೆ ಭಯ ಆಗಲ್ಲ ಮೇಡಂ, ಬಸ್ ಸ್ಟಾಪಲ್ಲಿ ಕೂತಿರೋರು, ಹೊಲದಲ್ಲಿ ಬಗ್ಗಿರೋರು ಎಲ್ಲಾ ಯಾರದೋ ಮನೆಯವರು ಅಂತ ಗೊತ್ತಾದ್ಮೇಲೆ ಗಂಟಲು ಕಟ್ಟತ್ತೆ. ರಸ್ತೆ ಪಕ್ಕದಲ್ಲೇ ಇದೆ, ಹತ್ತೋದು ಇಳಿಯೋದು ಜಾಸ್ತಿ ಇಲ್ಲ, ಅತ್ತೆಯವರು ಆರಾಮಾಗಿ ಓಡಾಡಬಹುದು. ಗೊಂಬೆ ಮುಟ್ಟಿ ಫೋಟೋ ತೆಗೆಯೋದು, ಜನ ಇರೋ ಮನೆಗಳ ಅಂಗಳಕ್ಕೆ ನುಗ್ಗೋದು ಮಾತ್ರ ಬೇಡ.

ಕರಡಿ. ಜಪಾನಿನ ಉತ್ತರ ಭಾಗದಲ್ಲಿ, ತೊಹೊಕು ಮತ್ತೆ ಹೊಕ್ಕೈದೊ ಕಡೆ, ಕರಡಿ ಸಮಸ್ಯೆ ನಿಜ, ಆ ನ್ಯೂಸ್ ನೋಡೇ ನಿಮಗೆ ಯಾರೋ ಹೇಳಿರ್ಬೇಕು. ಶಿಕೋಕುವಿನಲ್ಲಿ ಉಳಿದಿರೋ ಕರಡಿಗಳು ಒಟ್ಟು ಇಪ್ಪತ್ತರ ಆಸುಪಾಸು ಅಂತ ಅಂದಾಜು, ಅವೂ ತ್ಸುರುಗಿ ಬೆಟ್ಟದ ಸುತ್ತಿನ ಕಾಡಲ್ಲಿ, ಅವನ್ನ ಉಳಿಸೋದು ಹೇಗೆ ಅಂತಾನೇ ಅಲ್ಲಿ ಚಿಂತೆ. ನೀವು ಹೋಗೋ ಜಾಗದಲ್ಲಿ ಸಿಗೋದು ಕೋತಿ, ಕಾಡುಹಂದಿ, ಜಿಂಕೆ. ರಾತ್ರಿ ಕಾರಿಗೆ ಜಿಂಕೆ ಅಡ್ಡ ಬರೋದು ಕರಡಿಗಿಂತ ಎಷ್ಟೋ ಜಾಸ್ತಿ ನಡೆಯೋ ವಿಷಯ.

ಭೂಕಂಪದ ಬಗ್ಗೆ ಸುಳ್ಳು ಸಮಾಧಾನ ಹೇಳಲ್ಲ. ಶಿಕೋಕುವಿನ ದಕ್ಷಿಣಕ್ಕೆ ಸಮುದ್ರದ ಅಡಿ ನಾನ್‌ಕಾಯ್ ಕಂದಕ ಇದೆ, ದೊಡ್ಡ ಭೂಕಂಪ ಆಗೋ ಜಾಗ, 2024ರ ಆಗಸ್ಟಲ್ಲಿ ಸರ್ಕಾರ ಮೊದಲನೇ ಸಲ ಅದರ ಬಗ್ಗೆ ಮುನ್ನೆಚ್ಚರಿಕೆ ಕೂಡ ಕೊಟ್ಟಿತ್ತು. ಆ ಅಪಾಯ ಒಸಾಕಾಗೂ ಇದೆ, ಸುತ್ತಲಿನ ಕರಾವಳಿಗೂ ಇದೆ, ಇಯಾಗೆ ಸುನಾಮಿ ಬರಲ್ಲ ಅನ್ನೋದೊಂದೇ ವ್ಯತ್ಯಾಸ, ಆದ್ರೆ ಗುಡ್ಡ ಜಾರಿ ರಸ್ತೆ ಬಂದ್ ಆಗಬಹುದು. ಇಯಾದಲ್ಲಿ ರಸ್ತೆ ಬಂದ್ ಆಗೋಕೆ ಭೂಕಂಪನೇ ಬೇಕಾಗಿಲ್ಲ, ಜೋರು ಮಳೆ ಸಾಕು. ಜೂನ್-ಜುಲೈ ಮಳೆಗಾಲ, ಆಗಸ್ಟ್-ಸೆಪ್ಟೆಂಬರ್ ಚಂಡಮಾರುತದ ಸಮಯ ಆಗಿದ್ರೆ ವಯಸ್ಸಾದವರ ಜೊತೆ ಹೋಗ್ಬೇಡಿ ಅಂತಾನೇ ಹೇಳ್ತಿದ್ದೆ. ನೀವು ಆರಿಸಿರೋ ನವೆಂಬರ್ ಎರಡನೇ ವಾರ ಒಳ್ಳೇ ಟೈಮು, ಮಳೆ ಕಮ್ಮಿ, ಕಣಿವೆಯಲ್ಲಿ ಮೇಪಲ್ ಎಲೆ ಕೆಂಪಾಗಿರತ್ತೆ. ಫೋನಲ್ಲಿ ಸೇಫ್ಟಿ ಟಿಪ್ಸ್ ಅಂತ ಆಪ್ ಇದೆ, ವಿದೇಶಿ ಪ್ರವಾಸಿಗರಿಗೆ ಅಂತಾನೇ ಮಾಡಿರೋದು, ಇಂಗ್ಲಿಷಲ್ಲಿ ಎಚ್ಚರಿಕೆ ಬರತ್ತೆ, ಹಾಕ್ಕೊಳ್ಳಿ. ಹಿಂದಿನ ದಿನ ಜೋರು ಮಳೆ ಬಂದಿದ್ರೆ ಉಳ್ಕೊಂಡಿರೋ ಮನೆಯವರನ್ನ ಕೇಳದೇ ಕಾರ್ ತೆಗಿಬೇಡಿ.

ನಿಜವಾಗ್ಲೂ ನೀವು ಲೆಕ್ಕ ಹಾಕ್ಬೇಕಾಗಿರೋದು ಕತ್ತಲೆ. ನವೆಂಬರಲ್ಲಿ ಸೂರ್ಯ ಮುಳುಗೋದು ಸಂಜೆ ಐದಕ್ಕೆ, ಆದ್ರೆ ಆಳವಾದ ಕಣಿವೆ ಆಗಿರೋದ್ರಿಂದ ಮೂರು ಮೂರೂವರೆಗೇ ಬಿಸಿಲು ಬೆಟ್ಟದ ಹಿಂದೆ ಹೋಗಿಬಿಡತ್ತೆ, ತಕ್ಷಣ ಥಂಡಿ ಹೊಡೆಯತ್ತೆ. ಊಟದ ಅಂಗಡಿಗಳು ಮಧ್ಯಾಹ್ನಾನೇ ಬಾಗಿಲು ಹಾಕ್ತವೆ. ಬೀದಿ ದೀಪ ಇಲ್ಲದ ರಸ್ತೆಗಳು ಜಾಸ್ತಿ. ನಾನು ಪ್ಲಾನ್ ಮಾಡ್ಕೊಡುವಾಗ ನಾಲ್ಕು ಗಂಟೆಗೆ ಎಲ್ಲರೂ ರೂಮಲ್ಲಿ ಇರ್ಬೇಕು ಅಂತಾನೇ ಬರೆಯೋದು, ಇದೊಂದು ನಿಯಮ ಪಾಲಿಸಿದ್ರೆ ಇಯಾದ ಅರ್ಧ ಕಷ್ಟ ಹತ್ರಾನೂ ಬರಲ್ಲ.

ಇಲ್ಲಿಗೆ ನಿಮ್ಮ ಯಜಮಾನ್ರ ಒಂದು ದಿನದ ಪ್ಲಾನ್ ಬರತ್ತೆ. ಶಿನ್-ಒಸಾಕಾದಿಂದ ಒಕಾಯಾಮಾ ಬುಲೆಟ್ ಟ್ರೇನಲ್ಲಿ ಮುಕ್ಕಾಲು ಗಂಟೆ, ಅಲ್ಲಿಂದ ನಾನ್‌ಪೂ ಅನ್ನೋ ಎಕ್ಸ್‌ಪ್ರೆಸ್ ಸಮುದ್ರದ ಮೇಲಿನ ದೊಡ್ಡ ಸೇತುವೆ ದಾಟಿ ಇಯಾಗೆ ಹತ್ತಿರದ ಓಬೊಕೆ ಸ್ಟೇಷನ್‌ಗೆ ಬರೋಕೆ ಎರಡು ಗಂಟೆ ಹತ್ರ, ಆಮೇಲೆ ಬಸ್ಸು. ಟ್ರೇನ್ ಬದಲಾಯಿಸೋದು, ಬಸ್ಸಿಗೆ ಕಾಯೋದು ಎಲ್ಲಾ ಸೇರಿ ಹೋಗೋಕೇ ನಾಲ್ಕು ಗಂಟೆ ಹಿಡೀರಿ, ಬರೋಕೆ ಇನ್ನು ನಾಲ್ಕು. ಕಾರಲ್ಲಿ ಹೋದ್ರೂ ದೊಡ್ಡ ಉಳಿತಾಯ ಏನಿಲ್ಲ. ನವೆಂಬರ್ ಬೆಳಕಲ್ಲಿ ಉಳಿಯೋದು ಎಷ್ಟು ಹೇಳಿ. ಸೇತುವೆ ಮುಂದೆ ಒಂದು ಫೋಟೋ ತೆಗೆದು ಕತ್ತಲಲ್ಲಿ ವಾಪಸ್ ಬರೋದಾದ್ರೆ ಅದರ ಬದಲು ಒಸಾಕಾ ಹತ್ರಾನೇ ಯಾವುದಾದ್ರೂ ಬೆಟ್ಟಕ್ಕೆ ಹೋಗಿ ಬನ್ನಿ, ಮಂಡಿಗೂ ಒಳ್ಳೇದು. ಇಯಾ ಮಾಡಿದ್ರೆ ಕನಿಷ್ಠ ಎರಡು ರಾತ್ರಿ, ಒಂದೇ ಕಡೆ.

ಡ್ರೈವಿಂಗ್ ವಿಷಯ ಸ್ವಲ್ಪ ಉದ್ದ ಹೇಳ್ಬೇಕು, ಯಾಕಂದ್ರೆ ನಮ್ಮ ಘಾಟ್‌ಗಳಲ್ಲಿ ಓಡಿಸಿರೋ ಅನುಭವ ನಿಜವಾಗ್ಲೂ ಉಪಯೋಗಕ್ಕೆ ಬರತ್ತೆ, ಅದೇ ಅನುಭವ ಕೆಲವು ಕಡೆ ಉಲ್ಟಾನೂ ಹೊಡೆಯತ್ತೆ. ಜಪಾನಲ್ಲೂ ಎಡಗಡೆನೇ ಓಡಿಸೋದು, ಸ್ಟೇರಿಂಗ್ ಬಲಗಡೆ, ಅದೊಂದು ದೊಡ್ಡ ನೆಮ್ಮದಿ. ನಮ್ಮ ಆರ್‌ಟಿಓ ಕೊಡೋ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು, ಜಪಾನಲ್ಲಿ ನಡೆಯತ್ತೆ, ಜೊತೆಗೆ ಒರಿಜಿನಲ್ ಲೈಸೆನ್ಸು, ಪಾಸ್‌ಪೋರ್ಟು ಇರ್ಲೇಬೇಕು. ಫೋಟೋಕಾಪಿ, ಡಿಜಿಲಾಕರ್ ಯಾವುದೂ ನಡಿಯಲ್ಲ, ಕೌಂಟರಲ್ಲೇ ವಾಪಸ್ ಕಳಿಸ್ತಾರೆ.

ರಸ್ತೆ ವಿಷಯಕ್ಕೆ ಬಂದ್ರೆ, ಓಬೊಕೆಯಿಂದ ಸುರಂಗ ದಾಟಿ ಬಳ್ಳಿ ಸೇತುವೆ ಕಡೆ ಬರೋ ರಸ್ತೆ ಅಗಲವಾಗಿದೆ, ಅದರಲ್ಲಿ ಯಾರಿಗೂ ತೊಂದರೆ ಇಲ್ಲ. ಹಳೇ ಇಯಾ ರಸ್ತೆ, ಬಂಡೆ ಅಂಚಲ್ಲಿ ಉಚ್ಚೆ ಹೊಯ್ಯೋ ಹುಡುಗನ ಪ್ರತಿಮೆ ಇದೆಯಲ್ಲ, 1968ರಲ್ಲಿ ಇಟ್ಟಿದ್ದು, ಆ ರಸ್ತೆ ಮತ್ತೆ ಪೂರ್ವ ಇಯಾದ 439ನೇ ನಂಬರ್ ರಾಷ್ಟ್ರೀಯ ಹೆದ್ದಾರಿ, ಇವೆರಡೂ ಬಹಳ ಕಡೆ ಒಂದೇ ಗಾಡಿ ಹಿಡಿಯೋಷ್ಟು ಅಗಲ. ಹೆದ್ದಾರಿ ಅಂತ ಹೆಸರಿದ್ರೂ ಅಷ್ಟೇ. ಚಾರ್ಮಾಡಿಯಲ್ಲಿ ತಿರುವು ಬಂದ್ರೆ ನಾವು ಹಾರ್ನ್ ಹೊಡೆದು ನುಗ್ತೀವಿ, ಎದುರಿನವನು ಎಲ್ಲೋ ಒಂದು ಕಡೆ ಜಾಗ ಕೊಡ್ತಾನೆ. ಇಲ್ಲಿ ಬೋರ್ಡ್ ಇರೋ ಕಡೆ ಬಿಟ್ರೆ ಹಾರ್ನ್ ಇಲ್ಲ, ತಿರುವಲ್ಲಿ ದೊಡ್ಡ ಗುಂಡು ಕನ್ನಡಿ ಇರತ್ತೆ, ಅದನ್ನ ನೋಡಿ ನಿಧಾನ ಹೋಗ್ಬೇಕು, ಎದುರು ಗಾಡಿ ಬಂದ್ರೆ ಅಗಲ ಇರೋ ಜಾಗದ ತನಕ ಯಾರಾದ್ರೂ ಒಬ್ಬರು ರಿವರ್ಸ್ ಬರ್ಬೇಕು, ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಪ್ರಪಾತ. ಮುಂದಕ್ಕೆ ಓಡಿಸೋದರಲ್ಲಿ ನಮ್ಮವರು ಪಂಟರು, ರಿವರ್ಸಲ್ಲಿ ನೂರು ಮೀಟರ್ ಹೋಗೋ ಅಭ್ಯಾಸ ಇದೆಯಾ ಅಂತ ಯಜಮಾನ್ರನ್ನೇ ಕೇಳಿ. ಜಪಾನಲ್ಲಿ ಕೇಯ್ ಅಂತ ಕರೆಯೋ ತೀರಾ ಸಣ್ಣ ಕಾರ್ ತಗೋಬೇಕು ಅಂತ ನಾನು ಹೇಳೋದು ಅದಕ್ಕೇ, ಆದ್ರೆ ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಅದರಲ್ಲಿ ಹಿಡಿಯಲ್ಲ, ದೊಡ್ಡ ಲಗೇಜನ್ನ ಒಸಾಕಾ ಹೋಟೆಲ್‌ನಿಂದಾನೇ ಕೊರಿಯರ್‌ನಲ್ಲಿ ಮುಂದಿನ ಹೋಟೆಲಿಗೆ ಕಳಿಸಿಬಿಡಿ, ಇದು ಜಪಾನಲ್ಲಿ ಎಲ್ಲರೂ ಮಾಡೋ ಕೆಲಸ.

ಇನ್ನೊಂದೆರಡು. ಕೆಂಪು ತಲೆಕೆಳಗಾದ ತ್ರಿಕೋನದ ಬೋರ್ಡ್ ಇದ್ರೆ ಗಾಡಿ ಪೂರ್ತಿ ನಿಲ್ಲಿಸ್ಬೇಕು, ನಮ್ಮೂರ ಥರ ಸ್ಲೋ ಮಾಡಿ ಹೋಗೋ ಹಾಗಿಲ್ಲ, ರೈಲ್ವೆ ಗೇಟ್ ತೆರೆದಿದ್ರೂ ನಿಂತೇ ಹೋಗ್ಬೇಕು, ಹಿಡಿಯೋ ಪೊಲೀಸ್ ಅಲ್ಲೇ ಇರ್ತಾರೆ. ಫೋನಿನ ಮ್ಯಾಪ್ ಹತ್ತಿರದ ದಾರಿ ಅಂತ ಕಾಡಿನ ಮರ ಸಾಗಿಸೋ ರಸ್ತೆಗೆ ತಿರುಗಿಸಿಬಿಡತ್ತೆ, ನಂಬರ್ ಇರೋ ರಸ್ತೆ ಬಿಟ್ಟು ಇಳೀಬೇಡಿ. ಪೆಟ್ರೋಲು ಕಣಿವೆ ಒಳಗೆ ಹೋಗೋ ಮುಂಚೆ ಆವಾ-ಇಕೆದಾ ಅನ್ನೋ ಊರಲ್ಲೇ ಫುಲ್ ಮಾಡಿಸಿ.

ಕಾರ್ ಬೇಡ ಅಂದ್ರೆ? ಬಸ್ಸಿದೆ, ಆವಾ-ಇಕೆದಾ ಮತ್ತೆ ಓಬೊಕೆ ಕಡೆಯಿಂದ ಬಳ್ಳಿ ಸೇತುವೆ ತನಕ ಹೋಗೋದು ಕಷ್ಟ ಇಲ್ಲ, ಅಲ್ಲಿಂದ ಪೂರ್ವಕ್ಕೆ ದಿನಕ್ಕೆ ಬೆರಳೆಣಿಕೆಯಷ್ಟು ಬಸ್ಸು, ಒಂದು ತಪ್ಪಿದ್ರೆ ಗಂಟೆಗಟ್ಟಲೆ ರಸ್ತೆ ಬದಿ ಥಂಡಿಯಲ್ಲಿ ಕಾಯ್ಬೇಕು. ಅತ್ತೆ ಮಾವನ್ನ ಹಾಗೆ ಕಾಯ್ಸೋದು ನನಗಂತೂ ಒಪ್ಪಿಗೆ ಇಲ್ಲ. ನಾನು ನಿಮ್ಮಂಥ ಫ್ಯಾಮಿಲಿಗೆ ಹೇಳೋದು ಏನಂದ್ರೆ, ಓಬೊಕೆ ತನಕ ಟ್ರೇನಲ್ಲಿ ಬನ್ನಿ, ಸ್ಟೇಷನ್‌ನಿಂದ ಕರ್ಕೊಂಡು ಹೋಗೋ ಹೋಟೆಲ್‌ಗಳು ಇವೆ, ಬುಕ್ ಮಾಡುವಾಗಲೇ ಕೇಳಿ, ಮಧ್ಯದ ಒಂದು ದಿನ ಪೂರ್ತಿ ಲೋಕಲ್ ಟ್ಯಾಕ್ಸಿ ಗಂಟೆ ಲೆಕ್ಕದಲ್ಲಿ ಮಾಡ್ಕೊಳ್ಳಿ. ದುಡ್ಡು ಜಾಸ್ತಿನೇ ಆಗತ್ತೆ, ನಾಲ್ಕು ಜನಕ್ಕೆ ಹಂಚಿದ್ರೆ ಕಾರ್ ಬಾಡಿಗೆ, ಇನ್ಶೂರೆನ್ಸ್, ಪೆಟ್ರೋಲ್ ಎದುರು ಅಷ್ಟೇನೂ ಭಾರ ಅನ್ಸಲ್ಲ. ಆ ಡ್ರೈವರ್ ಅಲ್ಲೇ ಹುಟ್ಟಿ ಬೆಳೆದಿರೋರು, ಯಾವ ತಿರುವಲ್ಲಿ ಯಾರು ರಿವರ್ಸ್ ಬರ್ಬೇಕು ಅಂತ ಅವರಿಗೆ ಗೊತ್ತು, ಯಜಮಾನ್ರೂ ಕಿಟಕಿಯಿಂದ ಕಣಿವೆ ನೋಡಬಹುದು. ಯಜಮಾನ್ರಿಗೆ ಓಡಿಸೋ ಆಸೆ ಬಿಡಲ್ಲ ಅಂದ್ರೆ ಶಿಕೋಕುವಿನಲ್ಲೇ ಇರೋ ತಕಾಮತ್ಸು ಅಥವಾ ಕೊಚಿ ನಗರದಲ್ಲಿ ಕಾರ್ ತಗೊಂಡು, ಬೆಳಕಲ್ಲಿ ಮಾತ್ರ ಓಡಿಸಿ, ಮೂರು ರಾತ್ರಿ ಮಾಡಿ. ಇನ್ನು ಬುಲೆಟ್ ಟ್ರೇನೂ ಸೇರಿ ಜಪಾನ್ ಪೂರ್ತಿ ರೈಲಲ್ಲಿ ಓಡಾಡೋಕೆ ಪ್ರವಾಸಿಗರು ತಗೊಳೋ ಜೆಆರ್ ಪಾಸ್, ಏಳು ದಿನದ್ದು 2023ರ ಅಕ್ಟೋಬರಲ್ಲಿ 50,000 ಯೆನ್‌ಗೆ ಏರಿತು, ಸುಮ್ನೆ ಎಲ್ಲರೂ ತಗೋತಾರೆ ಅಂತ ತಗೋಬೇಡಿ, ಬಿಡಿ ಟಿಕೆಟ್ ಲೆಕ್ಕ ಹಾಕಿ ನೋಡಿ.

ಬಳ್ಳಿ ಸೇತುವೆ ಅತ್ತೆಯವರಿಗೆ ಬೇಡ. ಉದ್ದ 45 ಮೀಟರ್, ಅಗಲ 2 ಮೀಟರ್, ನೀರಿನಿಂದ 14 ಮೀಟರ್ ಮೇಲೆ. ಬೆಟ್ಟದಲ್ಲಿ ಬೆಳೆಯೋ ಕಿವಿ ಜಾತಿಯ ಒಂದು ಬಳ್ಳಿಯಿಂದ ಹೆಣೆದಿರೋದು, ಮೂರು ವರ್ಷಕ್ಕೊಂದು ಸಲ ಪೂರ್ತಿ ಹೊಸದಾಗಿ ಕಟ್ತಾರೆ, ಒಳಗೆ ಸ್ಟೀಲ್ ಕೇಬಲ್ ಅಡಗಿಸಿದಾರೆ, ಹಾಗಾಗಿ ಕಿತ್ತು ಬೀಳತ್ತೆ ಅನ್ನೋ ಭಯ ಬೇಡ. ತೊಂದರೆ ಕಾಲ ಕೆಳಗೆ. ಅಡ್ಡ ಹಾಕಿರೋ ಮರದ ಪಟ್ಟಿಗಳ ಮಧ್ಯೆ ಪಾದ ಇಳಿಯೋಷ್ಟು ಸಂದು, ಅದರೊಳಗೆ ಕೆಳಗೆ ಹಸಿರು ನೀರು ಹರಿಯೋದು ಕಾಣತ್ತೆ, ಪಟ್ಟಿಯಿಂದ ಪಟ್ಟಿಗೆ ಹೆಜ್ಜೆ ಇಡ್ಬೇಕು, ಸೇತುವೆ ತೂಗತ್ತೆ, ಬೆಳಗ್ಗೆ ಇಬ್ಬನಿಗೆ ಮರ ಜಾರತ್ತೆ. ಒನ್ ವೇ ಬೇರೆ, ಅರ್ಧ ಹೋಗಿ ವಾಪಸ್ ಬರೋ ಹಾಗಿಲ್ಲ. ಅತ್ತೆ ಮಾವ ಪಕ್ಕದ ಕಾಂಕ್ರೀಟ್ ಸೇತುವೆ ಮೇಲೆ ನಿಂತು ನಿಮ್ಮನ್ನ ನೋಡ್ಲಿ, ಫೋಟೋಗೆ ಅದೇ ಒಳ್ಳೇ ಜಾಗ, ಟಿಕೆಟ್ಟೂ ಇಲ್ಲ. ಅಲ್ಲಿಂದ ಕೆಲವೇ ನಿಮಿಷ ನಡೆದ್ರೆ ಬಿವಾ ಅನ್ನೋ ಜಲಪಾತ, ಅದು ಎಲ್ಲರಿಗೂ ಆಗತ್ತೆ. ಪೂರ್ವ ಇಯಾದಲ್ಲಿ ಗಂಡ-ಹೆಂಡತಿ ಅಂತ ಕರೆಯೋ ಎರಡು ಬಳ್ಳಿ ಸೇತುವೆ ಇವೆ, ಜನ ಕಮ್ಮಿ, ಕಾಡಿನ ಮಧ್ಯೆ, ನನಗೆ ಬಹಳ ಇಷ್ಟ, ಆದ್ರೆ ರಸ್ತೆಯಿಂದ ಮೆಟ್ಟಿಲು ಇಳಿದು ಹತ್ತಬೇಕು, ಚಳಿಗಾಲದಲ್ಲಿ ಮುಚ್ಚಿರತ್ತೆ. ನೀವಿಬ್ಬರು ಹೋಗಿ ಬನ್ನಿ.

ಮಂಡಿ ನೋವಿನವರಿಗೆ ಇಯಾ ಕೊಡೋ ಒಳ್ಳೇದು ಅಂದ್ರೆ ಬಿಸಿನೀರು. ಒಂದು ಹೋಟೆಲಲ್ಲಿ ಕಡಿದಾದ ಗುಡ್ಡದಲ್ಲಿ 170 ಮೀಟರ್ ಕೆಳಗೆ ಸಣ್ಣ ಕೇಬಲ್ ಕಾರಲ್ಲಿ ಕೂತು ನದಿ ಪಕ್ಕದ ಸ್ನಾನಕ್ಕೆ ಹೋಗೋದು, ನಡೆಯೋ ಹಾಗೇ ಇಲ್ಲ. ಬಟ್ಟೆ ಇಲ್ಲದೇ ಸ್ನಾನ ಮಾಡ್ಬೇಕು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, ಅತ್ತೆಯವರಿಗೆ ಮುಜುಗರ ಆದ್ರೆ ಮನೆಯವರಿಗೆ ಮಾತ್ರ ಅಂತ ಬಾಡಿಗೆಗೆ ಕೊಡೋ ಸ್ನಾನದ ಕೋಣೆ ಇರೋ ಹೋಟೆಲ್ ನೋಡಿ. ರೂಮ್ ತಗೊಳುವಾಗ ಮಂಚ ಇದೆಯಾ ಕೇಳಿ, ನೆಲದ ಮೇಲಿನ ಹಾಸಿಗೆಯಿಂದ ಏಳೋದು ಅವರಿಗೆ ಕಷ್ಟ ಆಗತ್ತೆ, ಊಟಕ್ಕೂ ಟೇಬಲ್ ಕುರ್ಚಿ ಬೇಕು ಅಂತ ಬರೆಸಿ.

ಊಟ. ಇಲ್ಲೇ ನಮ್ಮವರು ಜಾಸ್ತಿ ಎಡವೋದು. ಇಯಾದ ಸೋಬಾ ಬಹಳ ಪ್ರಸಿದ್ಧ, ಹುರುಳಿ ಬಣ್ಣದ ಬಕ್‌ವೀಟ್ ಹಿಟ್ಟಿನ ದಪ್ಪ ಶ್ಯಾವಿಗೆ, ಕಣ್ಣಿಗೆ ಪೂರ್ತಿ ಸಸ್ಯಾಹಾರ, ಆದ್ರೆ ಅದರ ಸಾರು ಒಣಗಿಸಿದ ಮೀನಿಂದ ಮಾಡಿರೋದು. ತಣ್ಣಗೆ ಕೊಡೋ ಸೋಬಾಗೆ ಅದ್ದಿಕೊಳ್ಳೋ ಸಾಸೂ ಅದೇ. ಸಸ್ಯಾಹಾರಿ ಅಂದ್ರೆ ಮಾಂಸದ ತುಂಡು ತೆಗೆದಿಟ್ರೆ ಆಯ್ತು ಅಂತ ಬಹಳ ಕಡೆ ಅಂದ್ಕೋತಾರೆ, ಅವರ ತಪ್ಪೇನಿಲ್ಲ, ಅವರ ಅಡಿಗೆಗೆ ಮೀನಿನ ಸಾರು ನಮಗೆ ಒಗ್ಗರಣೆ ಇದ್ದ ಹಾಗೆ, ಅದನ್ನ ಬಿಟ್ಟು ಅಡಿಗೆ ಅವರಿಗೆ ಹೊಳೆಯಲ್ಲ. ಹಾಗಾಗಿ "ನಿಕು ತೊ ಸಕಾನಾ ವಾ ತಾಬೆಮಾಸೆನ್, ಕಟ್ಸುಒ ದಾಶಿ ಮೊ ದಾಮೆ ದೆಸ್" ಅಂತ ಹೇಳಿ, ಮಾಂಸ ಮೀನು ತಿನ್ನಲ್ಲ, ಮೀನಿನ ಸಾರೂ ಆಗಲ್ಲ ಅಂತ. ಜಪಾನೀಸ್ ಅಕ್ಷರದಲ್ಲಿ ಇದನ್ನೇ ಬರೆಸಿ, ಮೊಟ್ಟೆ ಬೇಡ ಅಂತಾನೂ ಸೇರಿಸಿ, ಪ್ರಿಂಟ್ ಇಟ್ಕೊಳ್ಳಿ.

ಆದ್ರೂ ನಾಲ್ಕು ಜನದ ಎರಡು ದಿನದ ಊಟಾನ ಆ ಚೀಟಿ ಮೇಲೆ ಬಿಡ್ಬೇಡಿ. ಹೋಟೆಲ್‌ನವರಿಗೆ ಎರಡು ವಾರ ಮುಂಚೆನೇ ಮೇಲ್ ಮಾಡಿ ಆಗತ್ತಾ ಅಂತ ಕೇಳಿ, ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಅಲ್ಲಿ ಇರೋದು ಒಬ್ಬರೋ ಇಬ್ಬರೋ ಅಡಿಗೆಯವರು. ಊಟ ಬಿಟ್ಟು ರೂಮ್ ಮಾತ್ರ ತಗೊಳ್ಳಿ. ಇಲ್ಲಾ ಅಂದ್ರೆ ಒಚಿಯಾಯಿಯಲ್ಲಿ ಹಳೇ ಹುಲ್ಲಿನ ಮನೆಗಳನ್ನ ರಿಪೇರಿ ಮಾಡಿ ಇಡೀ ಮನೆ ಬಾಡಿಗೆಗೆ ಕೊಡ್ತಾರೆ, ಅಡಿಗೆಮನೆ, ಒಳ್ಳೇ ಟಾಯ್ಲೆಟ್ ಎಲ್ಲಾ ಇದೆ, ಅಮೆರಿಕದ ಅಲೆಕ್ಸ್ ಕೆರ್ ಅನ್ನೋರು 1973ರಲ್ಲಿ ಇಯಾದಲ್ಲಿ ಪಾಳು ಬಿದ್ದಿದ್ದ ಒಂದು ಹಳೇ ಮನೆ ಕೊಂಡ್ಕೊಂಡು ಉಳಿಸಿದ್ರು, ಒಚಿಯಾಯಿ ಮನೆಗಳ ಕೆಲಸದಲ್ಲೂ ಅವರ ಕೈ ಇದೆ. ಅಲ್ಲಿ ಅಕ್ಕಿ ಅಲ್ಲೇ ತಗೊಂಡು ಅನ್ನ ಮಾಡ್ಕೊಂಡು, ಚಟ್ನಿಪುಡಿ, ಅವಲಕ್ಕಿ, ರೆಡಿಮೇಡ್ ಸಾರಿನ ಪ್ಯಾಕೆಟ್ ಇದ್ರೆ ಎರಡು ದಿನ ಸುಲಭವಾಗಿ ಕಳೆಯತ್ತೆ. ತರಕಾರಿ ಆವಾ-ಇಕೆದಾದ ಸೂಪರ್ ಮಾರ್ಕೆಟಲ್ಲೇ ತಗೊಂಡು ಹೋಗಿ. ಹಸಿ ಕರಿಬೇವು, ಹಣ್ಣು ಇಂಡಿಯಾದಿಂದ ಒಯ್ಯಬೇಡಿ, ಏರ್‌ಪೋರ್ಟಲ್ಲಿ ತೆಗೆಸ್ತಾರೆ. ಮನೆಯಿಂದ ಎಲೆಕ್ಟ್ರಿಕ್ ಕುಕ್ಕರ್ ಹೊತ್ಕೊಂಡು ಹೋಗ್ಬೇಡಿ, ಜಪಾನಲ್ಲಿ 100 ವೋಲ್ಟ್, ನಮ್ಮ 230 ವೋಲ್ಟಿನ ಕುಕ್ಕರ್ ಅಲ್ಲಿ ನೀರು ಬೆಚ್ಚಗೆ ಮಾಡತ್ತೆ ಅಷ್ಟೇ. ಊರಿನ ರುಚಿ ಬೇಕು ಅಂದ್ರೆ ಅಲ್ಲಿನ ಗಟ್ಟಿ ತೋಫು, ಪುಟ್ಟ ಆಲೂಗಡ್ಡೆ ತಿನ್ನಿ, ನಿಜವಾಗ್ಲೂ ಚೆನ್ನಾಗಿರತ್ತೆ. ಇವೆರಡನ್ನೂ ಕೊನ್ಯಾಕು ಅನ್ನೋ ಗೆಡ್ಡೆಯಿಂದ ಮಾಡಿದ ಜೆಲ್ಲಿ ಜೊತೆ ಕಡ್ಡಿಗೆ ಚುಚ್ಚಿ, ಮಿಸೊ ಅನ್ನೋ ಸೋಯಾ ಪೇಸ್ಟ್ ಸವರಿ ಕೆಂಡದ ಮುಂದೆ ಸುಟ್ಟು ಕೊಡ್ತಾರೆ, ಮಿಸೊಗೆ ಮೀನಿನ ಸಾರು ಹಾಕಿದಾರಾ ಅಂತ ಕೇಳಿ, ಹಾಕಿಲ್ಲ ಅಂದ್ರೆ ಬಿಡ್ಬೇಡಿ.

ಒಚಿಯಾಯಿಯಲ್ಲಿ ಉಳ್ಕೊಂಡ್ರೆ ಬೆಳಗ್ಗೆ ಎದ್ದು ಮನೆ ಮುಂದಿನ ಹೊಲಗಳನ್ನ ಗಮನಿಸಿ ನೋಡಿ. ನಮ್ಮಲ್ಲಿ ಗುಡ್ಡಕ್ಕೆ ಮೆಟ್ಟಿಲು ಕೊರೆದು ಗದ್ದೆ ಮಾಡ್ತೀವಿ, ಅಲ್ಲಿ ಬಹಳ ಕಡೆ ಇಳಿಜಾರಲ್ಲೇ ಉಳುಮೆ, ಕೆಲವು ಕಡೆ 40 ಡಿಗ್ರಿ ತನಕ. ಶರತ್ಕಾಲದಲ್ಲಿ ಉದ್ದದ ಹುಲ್ಲು ಕೊಯ್ದು ಗೋಪುರದ ಹಾಗೆ ಕಟ್ಟಿ ಹೊಲದ ಪಕ್ಕ ನಿಲ್ಲಿಸಿರ್ತಾರೆ, ನೀವು ಹೋಗೋ ಹೊತ್ತಿಗೆ ಅವು ನಿಂತಿರತ್ತೆ. ಒಣಗಿದ ಮೇಲೆ ಕತ್ತರಿಸಿ ಮಣ್ಣಿಗೆ ಹಾಸ್ತಾರೆ, ಮಳೆಗೆ ಮಣ್ಣು ಕೊಚ್ಚಿ ಹೋಗ್ಬಾರ್ದು ಅಂತ. ಅಷ್ಟಾದ್ರೂ ಕೆಳಗೆ ಜಾರಿದ ಮಣ್ಣನ್ನ ಮತ್ತೆ ಮೇಲಕ್ಕೆ ಎಳೆದು ಹಾಕ್ತಾರೆ, ಎಪ್ಪತ್ತು ಎಂಬತ್ತು ವರ್ಷದವರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಈ ಬೇಸಾಯಕ್ಕೆ ವಿಶ್ವ ಕೃಷಿ ಪರಂಪರೆ ಅಂತ ಮಾನ್ಯತೆ ಕೊಟ್ಟಿದೆ. ಮಾವನಿಗೆ ಹೊಲ ತೋಟದ ಕಡೆ ಆಸಕ್ತಿ ಇದ್ರೆ ಬಳ್ಳಿ ಸೇತುವೆಗಿಂತ ಇದೇ ಅವರಿಗೆ ಇಷ್ಟ ಆಗತ್ತೆ ನೋಡಿ. ಒಂದೇ ಮಾತು, ಆ ಮನೆಗಳ ಹತ್ರ ದಾರಿ ಕಡಿದು, ಕಾರ್ ಯಾವ ಬಾಗಿಲ ತನಕ ಬರತ್ತೆ ಅಂತ ಬುಕ್ ಮಾಡೋ ಮುಂಚೆ ಕೇಳಿ. ರಾತ್ರಿ ಐದಾರು ಡಿಗ್ರಿ, ಇನ್ನೂ ಕಮ್ಮಿನೂ ಆಗತ್ತೆ, ಸ್ವೆಟರ್ ಸಾಲದು, ಒಳಗೆ ಥರ್ಮಲ್ ಬೇಕು.

ಮಾವನ ಇನ್ಸುಲಿನ್, ಮಾತ್ರೆ: ಒಂದು ತಿಂಗಳಿಗೆ ಆಗೋಷ್ಟನ್ನ ಡಾಕ್ಟರ್ ಚೀಟಿ ಜೊತೆ ವಿಶೇಷ ಅನುಮತಿ ಇಲ್ದೇ ಒಯ್ಯಬಹುದು, ಕ್ಯಾಬಿನ್ ಬ್ಯಾಗಲ್ಲೇ ಇಟ್ಕೊಳ್ಳಿ, ಕೊರಿಯರ್‌ಗೆ ಕೊಡೋ ಸೂಟ್‌ಕೇಸಲ್ಲಿ ಖಂಡಿತ ಬೇಡ. ನೆಗಡಿ ಮಾತ್ರೆ ಬಗ್ಗೆ ಹುಷಾರು, ಸೂಡೋಎಫೆಡ್ರಿನ್ ಜಾಸ್ತಿ ಇರೋ ಮಾತ್ರೆ ಜಪಾನಿಗೆ ಒಯ್ಯೋ ಹಾಗಿಲ್ಲ, ಕೋಡೀನ್ ಇರೋ ಕೆಮ್ಮಿನ ಸಿರಪ್‌ಗೂ ನಿರ್ಬಂಧ ಇದೆ, ನಮ್ಮಲ್ಲಿ ಮೆಡಿಕಲ್ ಶಾಪಲ್ಲಿ ಮಾಮೂಲಿ ಸಿಗೋವು ಇವು, ಸ್ಟ್ರಿಪ್ ಹಿಂದೆ ಓದಿ. ಶುಗರ್ ಲೋ ಆಗೋದಕ್ಕೆ ಸಿಹಿ, ಬಿಸ್ಕೆಟ್ ಯಾವಾಗ್ಲೂ ಅವರ ಜೇಬಲ್ಲೇ ಇರ್ಲಿ, ಅಲ್ಲಿ ಇಳಿದು ತಗೊಳೋಣ ಅನ್ನೋಕೆ ಅಂಗಡಿ ಇಲ್ಲ. ದೊಡ್ಡ ಆಸ್ಪತ್ರೆ ಅಂದ್ರೆ ಆವಾ-ಇಕೆದಾದಲ್ಲಿರೋ ಪ್ರಿಫೆಕ್ಚರ್‌ನ ಮಿಯೋಶಿ ಆಸ್ಪತ್ರೆ, ಪೂರ್ವ ಇಯಾದ ಒಳಗಿಂದ ಒಂದು ಗಂಟೆಗೂ ಮೇಲೆ. ಆಂಬ್ಯುಲೆನ್ಸ್ 119, ಪೊಲೀಸ್ 110. ಜಪಾನ್ ಪ್ರವಾಸ ಸಂಸ್ಥೆಯವರದ್ದು 24 ಗಂಟೆ ಇಂಗ್ಲಿಷಲ್ಲಿ ಸಿಗೋ ಸಹಾಯವಾಣಿ ಇದೆ, ನಂಬರ್ ಸೇವ್ ಮಾಡ್ಕೊಳ್ಳಿ. ಮಾವನಿಗೆ ಇತ್ತೀಚೆಗೆ ಹಾರ್ಟ್ ತೊಂದರೆ ಏನಾದ್ರೂ ಆಗಿದ್ರೆ, ಶುಗರ್ ಪದೇ ಪದೇ ಏರುಪೇರು ಆಗ್ತಿದ್ರೆ ಪೂರ್ವ ಇಯಾ ಬಿಟ್ಟು ಓಬೊಕೆ ಸ್ಟೇಷನ್ ಹತ್ರಾನೇ ಉಳ್ಕೊಳ್ಳಿ, ಅಲ್ಲಿಂದ ಹಗಲು ಒಳಗೆ ಹೋಗಿ ಬನ್ನಿ. ಟ್ರಾವೆಲ್ ಇನ್ಶೂರೆನ್ಸಲ್ಲಿ ಮೊದಲೇ ಇದ್ದ ಕಾಯಿಲೆಗೂ ಕವರ್ ಇದೆಯಾ ನೋಡಿ, ಇಲ್ಲದ ಪಾಲಿಸಿ ಮಾವನಿಗೆ ಪ್ರಯೋಜನ ಇಲ್ಲ.

ಭಾಷೆ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಫೋನಿನ ಟ್ರಾನ್ಸ್‌ಲೇಟರ್ ಸಾಕು, ಜಪಾನೀಸ್ ಪ್ಯಾಕ್ ಆಫ್‌ಲೈನ್ ಇಳಿಸ್ಕೊಳ್ಳಿ, ಕಣಿವೆಯಲ್ಲಿ ಸಿಗ್ನಲ್ ಹೋಗಿ ಬಂದು ಮಾಡತ್ತೆ. ಅಲ್ಲಿನ ಅಜ್ಜ ಅಜ್ಜಿಯರು ಸಮಾಧಾನದವರು, ಅತ್ತೆ ಮಾವನ್ನ ನೋಡಿದ್ರೆ ನಿಮಗಿಂತ ಜಾಸ್ತಿ ಅವರ ಹತ್ರಾನೇ ಮಾತಾಡ್ತಾರೆ. ಕ್ಯಾಶ್ ಇಟ್ಕೊಳ್ಳಿ, ಟ್ಯಾಕ್ಸಿ, ಬಸ್ಸು, ಸಣ್ಣ ಅಂಗಡಿ ಎಲ್ಲದಕ್ಕೂ, ಟೋಕಿಯೋದಲ್ಲಿ ತಟ್ಟಿ ಹೋಗೋ ಸುಯಿಕಾ ಥರದ ಕಾರ್ಡ್ ಓಬೊಕೆ ಸ್ಟೇಷನ್‌ನಲ್ಲಿ ನಡಿಯಲ್ಲ. ಒಳಗೆ ಹೋಗೋ ಮುಂಚೆ ಸೆವೆನ್-ಇಲೆವೆನ್ ಅಥವಾ ಪೋಸ್ಟ್ ಆಫೀಸ್ ಎಟಿಎಂನಲ್ಲಿ ತೆಗೆದುಬಿಡಿ.

ಈಗ ಮಾಡ್ಬೇಕಾಗಿರೋದು, ಇದೇ ಕ್ರಮದಲ್ಲಿ. ಮೊದಲು ಉಳ್ಕೊಳೋ ಮನೆ ಅಥವಾ ಹೋಟೆಲ್, ಯಾಕಂದ್ರೆ ನವೆಂಬರಲ್ಲಿ ಎಲೆ ಕೆಂಪಾಗೋ ಟೈಮಿಗೆ ಇರೋ ಕೆಲವೇ ರೂಮು ಬೇಗ ತುಂಬತ್ತೆ, ಶನಿವಾರ ಭಾನುವಾರ ಬಿಟ್ಟು ವಾರದ ಮಧ್ಯೆ ನೋಡಿ. ಅದು ಸಿಕ್ಕ ಮೇಲೆ ಅವರ ಮೂಲಕಾನೇ ಟ್ಯಾಕ್ಸಿ ಕೇಳಿ. ಆಮೇಲೆ ಮಿಕ್ಕಿದ ಟ್ರಿಪ್ಪಿನ ದಿನಗಳನ್ನ ಇದರ ಆಚೆ ಈಚೆ ಜೋಡಿಸಿ. ಯಜಮಾನ್ರಿಗೆ ಪರ್ಮಿಟ್ ಮಾಡಿಸಿಟ್ಟಿರಿ, ಬೇಕಾದ್ರೆ ಇರ್ಲಿ. ಇಯಾದಿಂದ ಹೊರಟ ದಿನಾನೇ ವಾಪಸ್ ಬರೋ ಫ್ಲೈಟ್ ಮಾತ್ರ ಇಟ್ಕೋಬೇಡಿ, ಮಧ್ಯೆ ಒಂದು ರಾತ್ರಿ ಒಸಾಕಾದಲ್ಲೋ ಒಕಾಯಾಮಾದಲ್ಲೋ ಇರ್ಲಿ, ರಸ್ತೆ ಬಂದ್ ಆದ್ರೂ ಟ್ರೇನ್ ತಡ ಆದ್ರೂ ಆ ಒಂದು ರಾತ್ರಿ ಕೈಯಲ್ಲಿರತ್ತೆ.